ಶಾಸನದ ಗಂಡಸರ ಹೆಸರು: ಯಾರು ಯಾರೆಂದು ಗುರುತು ಹಚ್ಚುವ ಬಗೆ

ವಿಜಯನಗರದ ಕೊನೆಗಾಲ, ಕೆಳದಿ, ಮೈಸೂರು: 16, 17ನೇ ಶತಮಾನದ ಶಾಸನಗಳಲ್ಲಿ ಒಂದೇ ಹೆಸರಿನ ಗಂಡಸರು ಹತ್ತಾರು ಮಂದಿ ಸಿಗುತ್ತಾರೆ. ಬರೀ ಹೆಸರು ನಂಬಿ ವಂಶಾವಳಿ ಕಟ್ಟಿದರೆ ತಾತ ಕೊಟ್ಟ ದತ್ತಿ ಮೊಮ್ಮಗನ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ಹೆಸರನ್ನೂ ಮೂರು ತುಂಡು ಮಾಡಿ ಚೀಟಿಗೆ ಇಳಿಸುತ್ತೇನೆ: ಮೊದಲಿಗೆ ಬರುವ ವಿಶೇಷಣ, ನಡುವಿನ ಮೂಲ ಹೆಸರು, ಕೊನೆಯ ಗೌರವದ ಅಥವಾ ಹುದ್ದೆಯ ಪದ. ಬಿರುದುಗಳನ್ನು ಅದಕ್ಕೂ ಮೊದಲೇ ತೆಗೆದಿಡಬೇಕು. ಕೆಳದಿ ಶಾಸನದ ‘ಎಡವ ಮುರಾರಿ’ ಅರಸನ ಹೆಸರಿನ ಭಾಗವಲ್ಲ, ಬಿರುದು.

ಮೂರರಲ್ಲಿ ಕೊನೆಯ ತುಂಡು ಜಾರುವಂಥದ್ದು. ಕೃಷ್ಣದೇವರಾಯನ ಮಂತ್ರಿ ಸಾಳುವ ತಿಮ್ಮ ಒಂದು ಕಡೆ ತಿಮ್ಮರಸ, ಇನ್ನೊಂದು ಕಡೆ ತಿಮ್ಮಯ್ಯ. ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದ ‘ತೆಮೆರ್ಸಿಯ’ ಕೂಡ ಇವನೇ. ಅಪ್ಪ, ಅಣ್ಣ, ಅಯ್ಯ, ಅರಸ ಬದಲಾದ ಮಾತ್ರಕ್ಕೆ ಬೇರೆ ಮನುಷ್ಯನೆಂದು ಎಣಿಸಬಾರದು. ಸೇನಬೋವ (ಶಾನುಭೋಗ), ಸೆಟ್ಟಿ, ಗೌಡ ಎಂದು ಕಸುಬು, ಅಧಿಕಾರ ಹೇಳುವ ಪದ ಬಂದರೆ ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಹುಡುಕುವಾಗ ಕಾಡುವುದು ಕಾಗುಣಿತ. ಕೆತ್ತಿದವರು ಒತ್ತಕ್ಷರದ ಬದಲು ಸೊನ್ನೆ ಹಾಕುತ್ತಾರೆ: ತಿಮ್ಮಣ್ಣ ‘ತಿಂಮಂಣ’, ಸಂಕಣ್ಣ ‘ಸಂಕಂಣ’, ಚೆನ್ನಪ್ಪ ‘ಚೆಂನಪ್ಪ’. ಇಮ್ಮಡಿ ‘ಯಿಂಮಡಿ’ ಆಗುತ್ತದೆ, ಒಡೆಯರು ‘ವೊಡೆಯರು’ ಆಗುತ್ತಾರೆ. ಈಗಿನ ಕಾಗುಣಿತವೊಂದನ್ನೇ ಹುಡುಕಿದರೆ ಎಷ್ಟೋ ಶಾಸನ ಕೈತಪ್ಪುತ್ತವೆ. ಮೂಲ ಹೆಸರಿನ ಎಲ್ಲ ರೂಪಗಳನ್ನೂ ಚೀಟಿಯ ನೆತ್ತಿಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಹೆಸರಿನ ಮೊದಲ ತುಂಡಿನಲ್ಲೇ ನಿಜವಾದ ಸುಳಿವಿದೆ. ಮೊಮ್ಮಗನಿಗೆ ತಾತನ ಹೆಸರಿಡುವ ವಾಡಿಕೆಯಿಂದ ಒಂದೇ ಮನೆಯಲ್ಲಿ ಹೆಸರು ಮರಳಿ ಮರಳಿ ಬರುತ್ತದೆ. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಅದೇ ಹೆಸರಾದಾಗ ದೊಡ್ಡ, ಚಿಕ್ಕ, ಕೆಂಪ, ಮರಿ ಸೇರಿಸಿ ಕರೆಯುತ್ತಾರೆ. ಕೆಳದಿಯ ದೊಡ್ಡ ಸಂಕಣ್ಣ, ಚಿಕ್ಕ ಸಂಕಣ್ಣ ಒಡಹುಟ್ಟಿದವರು, ಸದಾಶಿವ ನಾಯಕನ ಮಕ್ಕಳು. ಹಾಗಾಗಿ ದೊಡ್ಡ ಎಂದರೆ ತಂದೆ, ಚಿಕ್ಕ ಎಂದರೆ ಮಗ ಎಂದು ಕಣ್ಣುಮುಚ್ಚಿ ಬರೆಯುವಂತಿಲ್ಲ. ಮೈಸೂರಿನಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ಮುಪ್ಪಿನ ದೇವರಾಜ, ದೊಡ್ಡ ದೇವರಾಜ, ಕೆಂಪದೇವರಾಜ, ಚಿಕ್ಕ ದೇವರಾಜ ಎಲ್ಲರೂ ಹತ್ತಿರದ ರಕ್ತಸಂಬಂಧಿಗಳು. 1659ರಿಂದ 1673ರವರೆಗೆ ಆಳಿದವನನ್ನು ಕೆಲವರು ದೊಡ್ಡ ದೇವರಾಜ ಎಂದರೆ ಇನ್ನು ಕೆಲವರು ಕೆಂಪದೇವರಾಜ ಎನ್ನುತ್ತಾರೆ. ಆಮೇಲೆ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಅವನ ಮಗನೋ ಅಣ್ಣನ ಮಗನೋ ಎಂಬುದರಲ್ಲೂ ಪುಸ್ತಕಗಳು ಒಂದೇ ಮಾತು ಹೇಳುವುದಿಲ್ಲ. ಇಂಥಲ್ಲಿ ಎರಡು ಚೀಟಿಗಳನ್ನು ಅವಸರದಿಂದ ಒಂದು ಮಾಡಬಾರದು.

‘ಇಮ್ಮಡಿ’ ಎಂದರೆ ಆ ಹೆಸರಿನ ಎರಡನೆಯವನು, ಅಷ್ಟೇ. ಪೀಳಿಗೆ ಎಷ್ಟನೆಯದೆಂದು ಅದು ಹೇಳುವುದಿಲ್ಲ. ಮೈಸೂರಿನ ರಾಜ ಒಡೆಯರ ಮಗನೊಬ್ಬನಿಗೆ ತಂದೆಯ ಹೆಸರೇ ಬಂತು. 1617ರಲ್ಲಿ ರಾಜ ಒಡೆಯರು ತೀರಿದ ಮೇಲೆ ಮೊದಲು ಪಟ್ಟವಾದದ್ದು ಅವರ ಮೊಮ್ಮಗ ಚಾಮರಾಜನಿಗೆ. ಇಮ್ಮಡಿ ರಾಜ ಒಡೆಯರ ಸರದಿ ಬಂದದ್ದು 1637ರಲ್ಲಿ. ಪಟ್ಟದ ಸಾಲನ್ನೇ ವಂಶದ ಸಾಲೆಂದು ಓದಿದವರು ಇಲ್ಲಿ ಚಿಕ್ಕಪ್ಪನನ್ನು ಅಣ್ಣನ ಮಗನ ಮಗನಾಗಿ ಮಾಡಿಬಿಡುತ್ತಾರೆ.

ಗುರುತು ಗಟ್ಟಿಯಾಗುವುದು ವಂಶದ ಸಾಲಿನಿಂದ. ಕೆಳದಿ ಶಾಸನಗಳು ಮೂರು ತಲೆಮಾರು ಹೇಳುತ್ತವೆ: ಸಂಕಣ್ಣನಾಯಕರ ಪ್ರಪೌತ್ರರು, ಸಿದ್ದಪ್ಪನಾಯಕರ ಪೌತ್ರರು, ಶಿವಪ್ಪನಾಯಕರ ಪುತ್ರರು ಸೋಮಶೇಖರನಾಯಕರು. ಮೈಸೂರಿನವರು ಆತ್ರೇಯ ಗೋತ್ರ, ಆಶ್ವಲಾಯನ ಸೂತ್ರ, ಋಕ್ ಶಾಖೆ ಎಂದು ಸೇರಿಸುತ್ತಾರೆ. ಗೋತ್ರದಿಂದ ಮನೆತನ ತಿಳಿಯುತ್ತದೆ, ಆದರೆ ಮನುಷ್ಯನನ್ನು ಬೇರ್ಪಡಿಸಲು ತಂದೆಯ ಹೆಸರೇ ಬೇಕು.

ಆಮೇಲೆ ಕಾಲ. ಇಸವಿ ತಿಳಿಯಲು ಶಕವರ್ಷಕ್ಕೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79. ಸಂವತ್ಸರ ತಾಳೆ ನೋಡಲು ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಉಳಿದದ್ದನ್ನು ಪ್ರಭವದಿಂದ ಎಣಿಸಬೇಕು. ಶೇಷ ಸೊನ್ನೆಯಾದರೆ ಅಕ್ಷಯ. ಉದಾಹರಣೆಗೆ, ವಿಜಯನಗರದ ಅಳಿಯ ರಾಮರಾಯ ಮಡಿದದ್ದು 1565ರ ಜನವರಿಯಲ್ಲಿ, ಅಂದರೆ ಶಕ 1486. ಅದಕ್ಕೆ 12 ಸೇರಿಸಿದರೆ 1498, ಶೇಷ 58, ರಕ್ತಾಕ್ಷಿ. ಲೆಕ್ಕಕ್ಕೆ ಸಿಕ್ಕ ಸಂವತ್ಸರ ಕಲ್ಲಿನಲ್ಲಿರುವುದಕ್ಕಿಂತ ಒಂದು ಮುಂದಿದ್ದರೆ, ಬರೆದವರು ಪೂರ್ತಿ ಮುಗಿದ ಶಕವರ್ಷದ ಬದಲು ಆಗ ನಡೆಯುತ್ತಿದ್ದ ಶಕವರ್ಷ ಎಣಿಸಿರುವ ಸಾಧ್ಯತೆ ಹೆಚ್ಚು. ಆಗ ನಾನು ಸಂವತ್ಸರವನ್ನೇ ನಂಬುತ್ತೇನೆ.

ತಂದೆಯ ಹೆಸರು, ಊರು, ಕಾಲ ಮೂರೂ ಕೂಡಿದರೆ ಮಾತ್ರ ಎರಡು ಚೀಟಿ ಒಬ್ಬನವೇ ಎಂದು ಒಪ್ಪುತ್ತೇನೆ. ತಂದೆಯ ಹೆಸರೇ ಇಲ್ಲದ್ದನ್ನು ಬೇರೆ ಕಟ್ಟಿನಲ್ಲಿಟ್ಟು, ಅದೇ ಊರಿನ ಮತ್ತೊಂದು ಶಾಸನ ಓದುವಾಗ ಅದನ್ನು ಮತ್ತೆ ಬಿಚ್ಚಿ ನೋಡುತ್ತೇನೆ.