ಕಳೆದುಹೋದ ಕಿವಿಯೋಲೆ ಹುಡುಕುವಾಗ ಬೆರಳು ಜೋಪಾನ

ಕಾಫಿ ಕುಯ್ಲಿನ ಹೊತ್ತಿಗೆ ತೋಟದಲ್ಲಿ ಓಲೆಯೋ ಕಾಲುಂಗುರವೋ ಬಿದ್ದುಹೋಗುವುದು ಚಿಕ್ಕಮಗಳೂರು ಕಡೆ ಹೊಸದೇನಲ್ಲ. ಮೆಟಲ್ ಡಿಟೆಕ್ಟರ್ ತಂದು ಹುಡುಕುವವರೂ ಇದ್ದಾರೆ. ಯಂತ್ರ ಸದ್ದು ಮಾಡಿದ ಕೂಡಲೇ ಕುಕ್ಕರಗಾಲಲ್ಲಿ ಕೂತು ಬೆರಳಲ್ಲೇ ಮಣ್ಣು ಕೆದಕುತ್ತಾರೆ. ಗಾಯ ಆಗುವುದು ಆಗಲೇ. ಓಲೆಗೂ ಮುರಿದ ಬ್ಲೇಡಿಗೂ ಯಂತ್ರ ಕೂಗುತ್ತದೆ. ಒಡೆದ ಬಾಟಲಿ ಚೂರಿಗಂತೂ ಕೂಗುವುದೇ ಇಲ್ಲ. ಹಾಗಾಗಿ ಗುಂಡಿಗೆ ಬೆರಳು ಹೋಗಬೇಕಾದ್ದು ಕೊನೆಗೆ.

ಮೊದಲು ಬಳೆ, ಉಂಗುರ, ವಾಚು ತೆಗೆದಿಡಿ. ಗುಂಡಿ ಹತ್ತಿರ ಕೈ ತಂದಾಗ ಅವಕ್ಕೂ ಯಂತ್ರ ಕೂಗಿ ಸುಮ್ನೆ ದಾರಿ ತಪ್ಪಿಸುತ್ತದೆ.

ಗ್ಲೌಸ್ ಕೊಳ್ಳುವಾಗ ಅಂಗೈಗೆ ರಬ್ಬರ್ ಲೇಪಿಸಿದ ನೂಲಿನದು ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೈಗೆ ಬಿಗಿಯಾಗಿ ಕೂರಬೇಕು, ದೊಗಲೆಯಾದರೆ ಹಿಡಿತ ಜಾರುತ್ತದೆ. ಆಸ್ಪತ್ರೆಯ ತೆಳು ಗ್ಲೌಸ್ ಇಲ್ಲಿ ನಿಲ್ಲುವುದಿಲ್ಲ. ಉಕ್ಕಿನ ಎಳೆ ನೇಯ್ದ ಗ್ಲೌಸೂ ಇದೆ, ಕೊಯ್ತಕ್ಕೆ ಒಳ್ಳೆಯದು. ಆದರೆ ಅದಕ್ಕೂ ಯಂತ್ರ ಕೂಗಬಹುದು. ಯಾವುದೇ ನೂಲಿನ ಗ್ಲೌಸ್ ಇರಲಿ, ಮೊಳೆಯ ಚೂಪು ಒಳಗೆ ನುಗ್ಗುತ್ತದೆ. ಗ್ಲೌಸ್ ಇದೆ ಎಂಬ ಧೈರ್ಯ ಜಾಸ್ತಿ ಬೇಡ.

ತರಗೆಲೆಯನ್ನು ಕೋಲಿನಿಂದ ಸರಿಸಿ, ಕೆಳಗೆ ಚೇಳು ಇರಬಹುದು. ಸದ್ದು ಬಂದ ಜಾಗದಿಂದ ಒಂದು ಗೇಣು ಬಿಟ್ಟು ಕುರ್ಪಿ ಹಾಕಿ. ಕಾಫಿ ಗಿಡದ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಇರುತ್ತವೆ, ಗುದ್ದಲಿ ಬೀಸಬೇಡಿ. ಏಟು ಬೀಳುವುದು ಸಾಮಾನ್ಯವಾಗಿ ಮಣ್ಣು ಒತ್ತಿ ಹಿಡಿದ ಇನ್ನೊಂದು ಕೈಗೆ, ಅದು ಕುರ್ಪಿಯ ಎದುರಿಗೆ ಇರಕೂಡದು. ನೆಲ ಗಟ್ಟಿಯಿದ್ದರೆ ಹಿಂದಿನ ಸಂಜೆ ನೀರು ಹನಿಸಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲಾದರೆ ಆ ಕೆಲಸವೂ ಇಲ್ಲ.

ಹೆಂಟೆಯನ್ನು ಇಡಿಯಾಗಿ ಎತ್ತಿ ಗೋಣಿಚೀಲದ ಮೇಲೆ ಹಾಕಿ. ಗುಂಡಿಯ ಮೇಲೊಮ್ಮೆ, ಹೆಂಟೆಯ ಮೇಲೊಮ್ಮೆ ಯಂತ್ರ ಆಡಿಸಿ. ಸದ್ದು ಬಂದ ಕಡೆಯನ್ನು ಕುರ್ಪಿಯಿಂದ ಎರಡು ಭಾಗ ಮಾಡಿ, ಮತ್ತೆ ಆಡಿಸಿ. ಹೀಗೆ ಒಂದು ಹಿಡಿ ಮಣ್ಣಿಗೆ ಇಳಿದ ಮೇಲೆ ಅದನ್ನು ಗೋಣಿಯ ಮೇಲೆ ತೆಳ್ಳಗೆ ಹರಡಿ, ಕಣ್ಣಿಂದ ನೋಡಿ. ವಸ್ತು ಕಂಡ ಮೇಲೆ ಕೈ ಹಾಕಿ.

ಇದೆಲ್ಲ ಸ್ವಂತ ತೋಟದಲ್ಲಿ, ಇಲ್ಲವೇ ಮಾಲೀಕರನ್ನು ಕೇಳಿ. ಬೇಲೂರು, ಹಳೇಬೀಡಿನ ದೇವಸ್ಥಾನಗಳ ಆಸುಪಾಸು ಯಂತ್ರ ಒಯ್ಯಲೇಬೇಡಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ.

ಗಾಯ ಆದರೆ? ನಮ್ಮ ಕಡೆ ಕಾಫಿಪುಡಿ ಮೆತ್ತುವ ರೂಢಿ ಇದೆ. ಬೇಡ. ಹರಿಯುವ ನೀರು, ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಮೊಳೆ ಚುಚ್ಚಿದ ಆಳದ ಗಾಯ ಅದಕ್ಕೆ ಹೇಳಿಮಾಡಿಸಿದ ಜಾಗ. ಕೊನೆಯ ಟಿಟಿ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ, ಇಲ್ಲವೇ ಯಾವಾಗ ಹಾಕಿಸಿದ್ದೆಂದೇ ನೆನಪಿಲ್ಲದಿದ್ದರೆ, ಅಂದೇ ಆಸ್ಪತ್ರೆಗೆ ಹೋಗಿ. ಇಲಿ ಓಡಾಡುವ ಒದ್ದೆ ಮಣ್ಣಲ್ಲಿ ಅಗೆದ ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಅಗೆದ ವಿಷಯವನ್ನೂ ಡಾಕ್ಟರಿಗೆ ಹೇಳಿ. ಗಾಯದ ಮೂಲಕವೇ ಇಲಿ ಜ್ವರ ಒಳಗೆ ಸೇರಬಹುದು.