ಹಳೆ-ಹೊಸ ಸರ್ವರ್‌ಗಳ ನಡುವೆ ಲೈವ್ ಮೈಗ್ರೇಶನ್ ವಿಫಲ: ಓಪನ್‌ಸ್ಟ್ಯಾಕ್ ಕ್ಲೌಡ್ ತಂತ್ರಾಂಶದಲ್ಲಿ ಪರಿಹಾರ

ಲಕ್ಷಣ: ಬ್ರಾಡ್‌ವೆಲ್ (ಹಳೆಯ ಇಂಟೆಲ್ ಸಿಪಿಯು) ಸರ್ವರ್‌ನಲ್ಲಿ ಹುಟ್ಟಿದ ವಿಎಂ (ವರ್ಚುವಲ್ ಯಂತ್ರ) ಓಡುತ್ತಿರುವಂತೆಯೇ ಕ್ಯಾಸ್ಕೇಡ್ ಲೇಕ್ (ಹೊಸ ಇಂಟೆಲ್ ಸಿಪಿಯು) ಸರ್ವರ್‌ಗೆ ಸಲೀಸಾಗಿ ಹೋಗುತ್ತದೆ. ಹೊಸದರಲ್ಲಿ ಹುಟ್ಟಿದ್ದು ಹಳೆಯದಕ್ಕೆ ಹೋಗುವುದಿಲ್ಲ. ಸಿಪಿಯು ಹೊಂದಾಣಿಕೆಯಿಲ್ಲ ಎಂಬ ದೋಷ ಬರುತ್ತದೆ.

ವಿಎಂ ಯಾವ ಹೋಸ್ಟ್‌ಗೆ (ಸರ್ವರ್‌ಗೆ) ಹೋಗಬೇಕೆಂದು ಆರಿಸುವ ಶೆಡ್ಯೂಲರ್‌ನ ವೇಟ್ ಬದಲಿಸಿದರೆ ಫಲವಿಲ್ಲ. ಅದು ಹೋಸ್ಟ್‌ಗಳ ಆದ್ಯತೆಯ ಕ್ರಮವನ್ನಷ್ಟೇ ಬದಲಿಸುತ್ತದೆ, ಯಾವುದನ್ನೂ ಹೊರಗಿಡುವುದಿಲ್ಲ. ಸಿಪಿಯು ಮೋಡ್ 'ನನ್' (none) ಮಾಡಿದರೆ ಮೈಗ್ರೇಶನ್ ಆಗುತ್ತದೆ, ಆದರೆ ಸಿಪಿಯುವಿನ ಎಇಎಸ್ (ಎನ್‌ಕ್ರಿಪ್ಶನ್ ವೇಗಗೊಳಿಸುವ) ಸೌಲಭ್ಯ ವಿಎಂಗೆ ಕಾಣದೆ ಎನ್‌ಕ್ರಿಪ್ಶನ್ ನಿಧಾನವಾಗುತ್ತದೆ.

ಕೆಲಸ ಮಾಡಿದ್ದು ಇದು. ಪ್ರತಿ ಹೋಸ್ಟ್‌ನಲ್ಲೂ ವರ್ಶ್‌ನ (virsh, ವಿಎಂ ನಿರ್ವಹಿಸುವ ಕಮಾಂಡ್) 'ಡಾಮ್‌ಕೆಪಬಿಲಿಟೀಸ್' ಓಡಿಸಿ, ಫಲಿತಾಂಶಗಳನ್ನು ಒಂದೇ ಫೈಲ್‌ಗೆ ಸೇರಿಸಿ, 'ಹೈಪರ್‌ವೈಸರ್-ಸಿಪಿಯು-ಬೇಸ್‌ಲೈನ್'ಗೆ ಕೊಡಿ. ಎಲ್ಲಕ್ಕೂ ಸಾಮಾನ್ಯವಾದ ಸಿಪಿಯು ಮಾಡೆಲ್ ಸಿಗುತ್ತದೆ. ಟಿಎಸ್‌ಎಕ್ಸ್ (ಇಂಟೆಲ್ ಸಿಪಿಯುವಿನ ಒಂದು ಸೌಲಭ್ಯ) ಇಲ್ಲದ ರೂಪವನ್ನೇ ಆರಿಸಿ. ಸಿಪಿಯುವಿನ ಮೈಕ್ರೋಕೋಡ್ ಅಪ್‌ಡೇಟ್ ಟಿಎಸ್‌ಎಕ್ಸ್ ಅನ್ನು ಕೆಲವು ಯಂತ್ರಗಳಲ್ಲಿ ನಿಲ್ಲಿಸಿರುತ್ತದೆ. ವಿಎಂಗಳು ಓಡುವ ಎಲ್ಲ ಕಂಪ್ಯೂಟ್ ಹೋಸ್ಟ್‌ಗಳ ನೋವಾ (ಓಪನ್‌ಸ್ಟ್ಯಾಕ್‌ನ ವಿಎಂ ಸೇವೆ) ಕಾನ್ಫಿಗ್‌ನಲ್ಲಿ, ಲಿಬ್‌ವರ್ಟ್ ವಿಭಾಗದಡಿ, ಸಿಪಿಯು ಮೋಡ್ 'ಕಸ್ಟಮ್' ಮಾಡಿ, ಆ ಮಾಡೆಲ್ ಹೆಸರು ಬರೆದು ನೋವಾ-ಕಂಪ್ಯೂಟ್ ರೀಸ್ಟಾರ್ಟ್ ಮಾಡಿ. ಓಡುತ್ತಿರುವ ವಿಎಂಗಳಿಗೆ ಓಪನ್‌ಸ್ಟ್ಯಾಕ್‌ನಿಂದ ಹಾರ್ಡ್ ರೀಬೂಟ್ ಬೇಕೇ ಬೇಕು. ವಿಎಂ ಒಳಗಿನಿಂದ ರೀಬೂಟ್ ಮಾಡಿದರೆ ಅದರ ಸಿಪಿಯು ವಿವರವಿರುವ ಹಳೆಯ ಎಕ್ಸ್‌ಎಂಎಲ್ ಹಾಗೇ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಎವಿಎಕ್ಸ್-512 (ಹೊಸ ಸಿಪಿಯುಗಳಲ್ಲಷ್ಟೇ ಇರುವ ಸೌಲಭ್ಯ) ಬೇಕಿರುವ ವಿಎಂಗಳಿದ್ದರೆ ಹೊಸ ಹೋಸ್ಟ್‌ಗಳನ್ನು ಪ್ರತ್ಯೇಕ ಅಗ್ರಿಗೇಟ್‌ಗೆ (ಹೋಸ್ಟ್‌ಗಳ ಗುಂಪಿಗೆ) ಹಾಕಿ, ಅಲ್ಲಿ ಮಾತ್ರ ಹೊಸ ಮಾಡೆಲ್ ಕೊಡಿ. ಅಗ್ರಿಗೇಟ್‌ನ ಮೆಟಾಡೇಟಾ ಮತ್ತು ಫ್ಲೇವರ್‌ನ (ವಿಎಂ ಗಾತ್ರದ ಮಾದರಿ) ಎಕ್ಸ್‌ಟ್ರಾ ಸ್ಪೆಕ್ ಒಂದೇ ಇರಲಿ. ಶೆಡ್ಯೂಲರ್‌ನಲ್ಲಿ 'ಅಗ್ರಿಗೇಟ್ ಇನ್‌ಸ್ಟನ್ಸ್ ಎಕ್ಸ್‌ಟ್ರಾ ಸ್ಪೆಕ್ಸ್ ಫಿಲ್ಟರ್' ಸೇರಿಸಿ. ಸ್ಪೆಕ್ ಇಲ್ಲದ ಫ್ಲೇವರ್ ಎಲ್ಲಿ ಬೇಕಾದರೂ ಇಳಿಯುತ್ತದೆ, ಹಾಗಾಗಿ ಹಳೆಯ ಹೋಸ್ಟ್‌ಗಳಿಗೂ ಒಂದು ಅಗ್ರಿಗೇಟ್ ಮಾಡಿ, ಸಾಮಾನ್ಯ ಫ್ಲೇವರ್‌ಗಳಿಗೆ ಅದರ ಸ್ಪೆಕ್ ಕೊಡಿ. ಈಗಾಗಲೇ ಇರುವ ವಿಎಂಗಳಿಗೆ ಈ ಬದಲಾವಣೆ ತಾನಾಗಿ ತಾಗುವುದಿಲ್ಲ. ಹೊಸ ಫ್ಲೇವರ್‌ಗೆ ರೀಸೈಜ್ ಮಾಡಬೇಕು.