ಹಾಡದೆ ಬಿಡುವ ಮೂರು ಅಕ್ಷರ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿದ್ದ ವರ್ಷಗಳಲ್ಲಿ ನಾನು ಸಿಜೊ ಹಾಡಲು ಕಲಿತೆ. ಸಿಜೊ ಎಂದರೆ ಸುಮಾರು 45 ಅಕ್ಷರಗಳ ಕೊರಿಯನ್ ಪದ್ಯ. ನಮ್ಮ ತ್ರಿಪದಿಯಂತೆ ಇದಕ್ಕೂ ಮೂರೇ ಸಾಲು ಎಂಬ ಧೈರ್ಯದಿಂದ ಹೋದ ನನಗೆ, ಅಷ್ಟು ಪುಟ್ಟ ಪದ್ಯ ಹಾಡಿ ಮುಗಿಸಲು ಸುಮಾರು ಮೂರು ನಿಮಿಷ ಬೇಕೆಂಬುದು ಮೊದಲ ಪಾಠದಲ್ಲೇ ಅರಿವಾಯಿತು.

ಸ್ವರಸ್ಥಾನಗಳೇನೋ ಪರಿಚಿತವೇ ಆಗಿದ್ದವು. ಎಲ್ಲರೂ ಮೊದಲು ಕಲಿಯುವ ಪ್ಯೊಂಗ್‌ಸಿಜೊ ಎಂಬ ಧಾಟಿಯಲ್ಲಿ ಹ್ವಾಂಗ್, ಜುಂಗ್, ಇಮ್ ಎಂಬ ಮೂರು ಸ್ವರಗಳೇ ಮುಖ್ಯ. ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ ನಮ್ಮ ಷಡ್ಜ, ಶುದ್ಧ ಮಧ್ಯಮ, ಪಂಚಮಗಳದ್ದೇ. ಆದರೆ ಹ್ವಾಂಗನ್ನು ದಪ್ಪವಾಗಿ ಅಲುಗಿಸಬೇಕು, ಜುಂಗನ್ನು ನೇರವಾಗಿ ಹಿಡಿಯಬೇಕು. ಬಾಲ್ಯದಲ್ಲಿ ಕರ್ನಾಟಕ ಸಂಗೀತ ಕಲಿತ ನನ್ನ ಕಂಠವೋ, ಮಧ್ಯಮ ಸಿಕ್ಕೊಡನೆ ಗಮಕ ಹಾಕುತ್ತಿತ್ತು. ಅದನ್ನು ಬಿಡಿಸಲು ಗುರುಗಳಿಗೆ ತಿಂಗಳುಗಳೇ ಹಿಡಿದವು.

ಲಯ ಇನ್ನೂ ಕಠಿಣ. ಒಂದು ಚೌಕಕ್ಕೆ ಒಂದು ಎಣಿಕೆಯಂತೆ ಬರೆದ ಜೊಂಗ್‌ಗಾನ್‌ಬೊ ಎಂಬ ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಮೊದಲೆರಡು ಸಾಲುಗಳಿಗೆ 5, 8, 8, 5, 8, ಕೊನೆಯದಕ್ಕೆ 5, 8, 5, 8 ಎಂದು ಎಣಿಸಬೇಕು. ಮನೆಯಲ್ಲಿ ಜಾಂಗು ಮದ್ದಳೆ ಇಲ್ಲದ್ದರಿಂದ, ಅಲ್ಲಿನವರೂ ಮಾಡುವಂತೆ, ತೊಡೆ ತಟ್ಟಿಯೇ ಅಭ್ಯಾಸ ಮಾಡಿದೆ. ಐದು ಎಂದರೆ ಖಂಡಚಾಪು ಎಂಬ ಚುರುಕಿನ ತಾಳ ಎಂದುಕೊಳ್ಳುವ ಕೈಗೆ, ಒಂದೊಂದು ಎಣಿಕೆಯೂ ಸುಮಾರು ಎರಡು ಸೆಕೆಂಡು ನಿಲ್ಲುವ ಈ ವಿಳಂಬ ಒಗ್ಗಲಿಲ್ಲ. ಒಂದೇ ಅಕ್ಷರವನ್ನು ಹಲವು ಚೌಕಗಳ ಮೇಲೆ ಎಳೆಯುತ್ತಾ ನಡುವೆಯೇ ಉಸಿರು ಕಳೆದುಕೊಳ್ಳುತ್ತಿದ್ದೆ.

ಪಾಠಕ್ಕೆ ಕೊಟ್ಟದ್ದು ಹದಿನಾರನೆಯ ಶತಮಾನದ ಕವಯಿತ್ರಿ ಹ್ವಾಂಗ್ ಜಿನಿಯ ಪದ್ಯ. ಹಸಿರು ಬೆಟ್ಟದ ತೊರೆಯೇ, ವೇಗವಾಗಿ ಹರಿಯುವೆನೆಂದು ಬೀಗಬೇಡ, ಕಡಲು ಸೇರಿದರೆ ಮರಳುವುದು ಕಷ್ಟ, ಬೆಳದಿಂಗಳು ಬರಿಬೆಟ್ಟವನ್ನು ತುಂಬಿರುವಾಗ ತಂಗಿ ಹೋದರೆ ಆಗದೇ ಎಂಬುದು ಅದರ ಭಾವ. ಆ 'ಆಗದೇ' ಎಂಬುದಕ್ಕೆ ಮೂಲದಲ್ಲಿರುವುದು 'ಒತ್ತೊರಿ' ಎಂಬ ಮೂರಕ್ಷರ. ಇದೇ ಪದ್ಯವನ್ನು ವಾದ್ಯವೃಂದದೊಡನೆ ಐದು ಭಾಗಗಳ ಗಾಗೊಕ್ ಆಗಿ ಹಾಡಿದರೆ ಆ ಪದವೂ ಬರುತ್ತದೆ, ಸಿಜೊ ಆಗಿ ಹಾಡಿದರೆ ಬಿಟ್ಟುಬಿಡುತ್ತಾರೆ.

ಇಡೀ ಕವಿತೆ ಕಾಯುತ್ತಿದ್ದ ಪ್ರಶ್ನೆಯನ್ನೇ ನುಂಗುವುದು ನನಗೆ ಒಪ್ಪಿಗೆಯಾಗಿರಲಿಲ್ಲ. ಒಂದು ಸಂಜೆ ಗುರುಗಳ ಜಾಂಗು ನಿಂತ ಮೇಲೆಯೂ ನನ್ನ ಬಾಯಿ ಅಭ್ಯಾಸಬಲದಿಂದ 'ಒತ್ತೊರಿ' ಎಂದಿತು. ಅವರು ಬೈಯಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ವಿದ್ಯಾರ್ಥಿನಿಯೊಬ್ಬರತ್ತ ತಿರುಗಿ ಅದೇ ಸಾಲು ಹಾಡಲು ಹೇಳಿದರು. ಆಕೆ 'ತಂಗಿ ಹೋದರೆ' ಎಂಬಲ್ಲಿಗೆ ನಿಲ್ಲಿಸಿದರು. ಬಿಟ್ಟ ಮಾತು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.